ಬೀಗ ಇರಲೆಂದು ಎತ್ತಿದ ಕೈಗಳು

ಗಾರ್ಮೆಂಟ್ಸ್ ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಅಂಗಿಗೆ ಗುಂಡಿ ಹೊಲಿಯುವ ಹೆಂಗಸನ್ನು ಎಲ್ಲರೂ ಗುಂಡಿ ಅಕ್ಕ ಎನ್ನುತ್ತಿದ್ದರು. ಐವತ್ತೆರಡು ವರ್ಷ, ಸಕ್ಕರೆ ಕಾಯಿಲೆ, ಗಂಟೆಗೊಮ್ಮೆ ಏಳಲೇಬೇಕು. ಅಲ್ಲಿ ನಲವತ್ತೆರಡು ಹೆಂಗಸರಿಗೆ ಒಂದೇ ಕಕ್ಕಸು, ಅದಕ್ಕೊಂದು ಬೀಗ, ಬೀಗದ ಕೈ ಸೂಪರ್‌ವೈಸರನ ಜೇಬಿನಲ್ಲಿ. ಕೇಳಿದರೆ ಆ ಪುಣ್ಯಾತ್ಮ ಚಹಾ ಮುಗಿಸಿ, ಹಲ್ಲು ಚುಚ್ಚಿಕೊಂಡು, ಆಮೇಲೆ ಏಳುವವನು. ಎರಡು ಸಲ ಅಕ್ಕನ ಉಟ್ಟ ಬಟ್ಟೆ ಒದ್ದೆಯಾಗಿತ್ತು. ಥೂ, ಇದಕ್ಕೂ ಇನ್ನೊಬ್ಬರ ಮುಂದೆ ಕೈ ಚಾಚಬೇಕೆ!

ಬೀಗ ತೆಗೆಸಬೇಕೆಂದು ಅವಳು ಒಂಬತ್ತು ತಿಂಗಳು ಒಬ್ಬೊಬ್ಬರ ಮಿಷನ್ನಿನ ಬಳಿಯೂ ಹೋಗಿ ಮಾತಾಡಿದಳು. ಎಲ್ಲರೂ ಹೂಂಗುಟ್ಟಿದರು. ಅಲ್ಲೇ ಕಾಲರ್ ಹೊಲಿಯುವ ಅವಳ ಓರಗಿತ್ತಿಯಂತೂ, "ನಾವೇನು ಜೈಲಲ್ಲಿದೀವಾ ಅಕ್ಕಾ?" ಎಂದು ಕಣ್ಣು ಕೆಂಪಗೆ ಮಾಡಿದ್ದಳು. ಕೊನೆಗೆ ಹೊಸ ಮ್ಯಾನೇಜರು, "ನಂಗೇನಮ್ಮ? ಕೈಯೆತ್ತಿ ನೀವೇ ತೀರ್ಮಾನ ಮಾಡ್ಕೊಳ್ಳಿ," ಎಂದುಬಿಟ್ಟ. ಅಕ್ಕನ ಕಾಲು ಆ ದಿನ ನೆಲದ ಮೇಲೆ ನಿಲ್ಲಲಿಲ್ಲ.

ಊಟದ ಬಿಡುವಿನಲ್ಲಿ ಕೈಯೆತ್ತಿಸಿದರು. ಬೀಗ ಬೇಡವೆಂದವರು ಅವಳೂ ಸೇರಿ ಆರು ಜನ. ಇರಲೆಂದವರು ಮೂವತ್ತಾರು! ಅದರಲ್ಲಿ ಓರಗಿತ್ತಿಯ ಕೈ ಎಲ್ಲರಿಗಿಂತ ಮೇಲೆ.

"ಏನೇ ಇದು?"

"ನಾನೇನು ಒಳಗೆ ಹೋಗಿ ಕೂರಲ್ಲ ಅಕ್ಕಾ. ಬೇರೆಯವ್ರು ಬಿಡ್ತಾರಾ? ಫೋನ್ ಹಿಡ್ಕೊಂಡು ಕೂತ್ಬಿಡ್ತಾರೆ. ಅವ್ರ ಕೆಲಸಾನೂ ನಮ್ ತಲೆಗೇ!"

ಎಲ್ಲರದೂ ಇದೇ ರಾಗ. ತನ್ನೊಬ್ಬಳನ್ನು ಬಿಟ್ಟು ಮಿಕ್ಕವರೆಲ್ಲ ಮೈಗಳ್ಳರು. ಸ್ವಾತಂತ್ರ್ಯ ತನಗೆ ಬೇಕು, ಪಕ್ಕದವಳಿಗೆ ಬೇಡ. ಇಂಥವರಿಗಾಗಿ ಇಷ್ಟು ದಿನ ಗಂಟಲು ಹರಿದುಕೊಂಡೆನಲ್ಲ ಎಂದು ಅಕ್ಕನಿಗೆ ಅನ್ನಿಸಿತು.

ಅಷ್ಟರಲ್ಲಿ ಯಾರೋ ಕೂಗಿದರು: "ಬೀಗದ ಕೈ ಅಕ್ಕನ ಹತ್ರಾನೇ ಇರ್ಲಿ. ಅವ್ರಿಗೂ ಅನುಕೂಲ!"

ನಲವತ್ತೊಂದು ಕೈ ಮೇಲೆದ್ದವು. ಚಪ್ಪಾಳೆ ಬೇರೆ. ಸೂಪರ್‌ವೈಸರ್ ಚಾಚಿದ ಬೀಗದ ಕೈಯನ್ನು ಅವರ ಮುಖಕ್ಕೇ ಎಸೆಯಬೇಕಿತ್ತು, ಎಸೆಯಲಿಲ್ಲ. ಕಿಬ್ಬೊಟ್ಟೆ ಒತ್ತುತ್ತಿತ್ತು. ತೆಗೆದುಕೊಂಡು ಮೊದಲು ತಾನೇ ಹೋಗಿಬಂದಳು.

ನಾಲ್ಕು ದಿನ ಕೇಳಿದವರಿಗೆಲ್ಲ ಮರುಮಾತಿಲ್ಲದೆ ಕೊಟ್ಟಳು. ಐದನೇ ದಿನ ಹಿಂದಿನ ಸಾಲಿನ ಬಸುರಿ ಹೆಂಗಸು ಎದುರಿಗೆ ಬಂದು ನಿಂತಳು. ಬೀಗ ಬೇಡವೆಂದು ಅಕ್ಕನ ಜೊತೆ ಕೈಯೆತ್ತಿದವರಲ್ಲಿ ಒಬ್ಬಳು ಅವಳು. ಅಕ್ಕನ ಮುಂದೆ ಗುಂಡಿಯಿಲ್ಲದ ಅಂಗಿಗಳ ರಾಶಿ ಬಿದ್ದಿತ್ತು.

"ಈಗ ತಾನೇ ಹೋಗಿದ್ಯಲ್ಲೇ?" ಎಂಬ ಮಾತು ಅಕ್ಕನ ಬಾಯಿಂದ ಬಂದೇಬಿಟ್ಟಿತು.

ಬಸುರಿ ವಾಪಸು ಹೋಗಿ, ತೊಡೆ ಬಿಗಿಹಿಡಿದು ಕೂತು, ಹೊಲಿಯತೊಡಗಿದಳು. ಗುಂಡಿ ಅಕ್ಕ ಅವಳನ್ನು ಮತ್ತೆ ಕರೆಯಲಿಲ್ಲ.