ಮೂಗಿಲ್ಲದ ಮನೆಯ ಮಾವ

ಸರ್ಕಾರದ ಬಾಡಿಗೆ ಮನೆಯಲ್ಲಿ ಐಪಿಲಿ ಮಾವ ಮಾಡದ ಕೆಲಸವಿಲ್ಲ: ಸೋಫಾದ ಪಕ್ಕದಲ್ಲೇ ಸ್ನೋಮೊಬೈಲಿನ ಎಂಜಿನ್ ಬಿಚ್ಚಿ ಹರಡುತ್ತಾರೆ, ಟೀವಿಯ ಮುಂದೆ ರಟ್ಟು ಹಾಸಿ ಬೇಟೆಯಾಡಿ ತಂದ ಸೀಲ್ ಪ್ರಾಣಿಯನ್ನು ಕೊಯ್ಯುತ್ತಾರೆ, ಹೀಟರಿನ ಕಾವಿಗೆ ಬನಿಯನ್ನಿನಲ್ಲಿ ಕೂತು ಆ ಮನೆಯನ್ನೇ ಬಯ್ಯುತ್ತಾರೆ. “ಮನೆಯಂತೆ ಮನೆ! ಮೂಗೇ ಇಲ್ಲ ಇದಕ್ಕೆ.” ಅವರು ಹುಟ್ಟಿ ಬೆಳೆದ ಹಿಮದ ಮನೆಯ ನೆತ್ತಿಯಲ್ಲಿ ಗಾಳಿಯಾಡಲು ಕೊರೆಯುವ ತೂತಿಗೆ ಮೂಗು ಎಂದೇ ಹೆಸರು. ಹಾಗಾಗಿ ಬಿರುಗಾಳಿ ಊಳಿಡುವಾಗಲೂ ಮಾವ ಕಿಟಕಿ ತೆರೆಯುತ್ತಾರೆ, ಸೊಸೆ ಸಿಯಾಸಿ ಮುಚ್ಚುತ್ತಾಳೆ, ಅವಳು ಬೆನ್ನು ತಿರುಗಿಸಿದರೆ ಮತ್ತೆ ತೆರೆಯುತ್ತಾರೆ. “ಮಾವ, ಪಾಪೂಗೆ ಕೆಮ್ಮು. ಹಿಮಕರಡಿಗಳಿಗೂ ಇಲ್ಲಿಂದಾನೇ ಬಿಸಿ ಕಳಿಸ್ತೀರಾ?” “ನಿನ್ನ ಮೂಗು ಹಿಡ್ಕೊಂಡು ಒಂದ್ಸಲ ಕೂತು ನೋಡಮ್ಮ!” ಕೆಮ್ಮು ಹೆಚ್ಚಾದ ದಿನ ಸಿಯಾಸಿ ರೇಗಿ ಕಿಟಕಿಗೆ ಟೇಪು ಅಂಟಿಸಿಯೇಬಿಟ್ಟಳು. ಮಾವ ಜಗಳವಾಡಲಿಲ್ಲ. ಮಲಗಿದ್ದ ಮಗುವಿನ ಮೂಗಿನೆದುರು ಅಂಗೈ ಹಿಡಿದು ಕೂತರು. ತೀರಿಹೋದ ತಂಗಿಯ ಹೆಸರನ್ನೇ ಇಟ್ಟದ್ದರಿಂದ ಮೊಮ್ಮಗಳನ್ನು ಅವರು ಕರೆಯುವುದೇ ತಂಗಿ ಎಂದು. “ತಂಗೀ, ಅವತ್ತು ಒಳಗೆ ಸ್ಟವ್ ಉರೀತಿತ್ತು. ಮನೆ ಮೂಗಿಗೆ ಹಿಮ ಕಟ್ಕೊಂಡಿದ್ದು ಯಾರಿಗೂ ಗೊತ್ತಾಗ್ಲಿಲ್ಲ. ನೀನು ಏಳಲೇ ಇಲ್ಲ.” ಸಿಯಾಸಿ ಮಗುವಿಗೆ ಇನ್ನೊಂದು ಟೋಪಿ ಹಾಕಿ, ಟೇಪು ಕಿತ್ತು, ಕಿಟಕಿಯನ್ನು ಒಂದು ಬೆರಳಷ್ಟು ತೆರೆದಳು. “ಇಷ್ಟೇ ಮಾವ,” ಎಂದಳು, “ಒಂದೇ ಹೊಳ್ಳೆ.”