ಅಪ್ಪ ಹೊಲಿದದ್ದು ಬಿಚ್ಚುತ್ತಿರಲಿಲ್ಲ

ನಮ್ಮಪ್ಪ ಮುದ್ದೇಬಿಹಾಳದಲ್ಲಿ ಟೇಲರ್. ಅವನು ಹೊಲಿದ ಅಂಗಿ ಬಣ್ಣ ಹೋಗಿ ಸವೆದರೂ ಹೊಲಿಗೆ ಬಿಚ್ಚುತ್ತಿರಲಿಲ್ಲ. ಎದುರಿನ ಅಂಗಡಿಯವನ ಹೊಲಿಗೆ ಎರಡು ಸಲ ಒಗೆದರೆ ಬಿಡುತ್ತಿತ್ತು. ಜನ ಬೈಯುತ್ತ ಅವನ ಹತ್ತಿರ ಮತ್ತೆ ಹೋಗುತ್ತಿದ್ದರು, ಹೋದವರು ಚಹಾ ಕುಡಿದು ಇನ್ನೊಂದು ಅಂಗಿಗೆ ಅಳತೆ ಕೊಟ್ಟು ಬರುತ್ತಿದ್ದರು. ಅಪ್ಪನ ಗಿರಾಕಿಗಳು ಊರೆಲ್ಲ ಹೊಗಳುತ್ತಿದ್ದರು, ವರ್ಷಗಟ್ಟಲೆ ಇತ್ತ ತಲೆ ಹಾಕುತ್ತಿರಲಿಲ್ಲ.

ನಾನು ಸಿಂದಗಿಯಲ್ಲಿ ಹೈಸ್ಕೂಲ್ ವಿಜ್ಞಾನ ಮಾಸ್ತರ. ನಿಸರ್ಗದ ಆಯ್ಕೆಯ ಪಾಠ ಬಂದಾಗ ಈ ಎರಡು ಅಂಗಡಿಗಳನ್ನೇ ಉದಾಹರಣೆ ಕೊಡುತ್ತಿದ್ದೆ. ಛಲೋ ಇದ್ದದ್ದು ಉಳಿಯುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಸುತ್ತಲಿನ ಸ್ಥಿತಿಗೆ ಹೊಂದಿದ್ದು ಉಳಿಯುತ್ತದೆ, ಅಷ್ಟೇ. ಹುಡುಗರು ನಗುತ್ತಿದ್ದರು. ನನ್ನ ಜಾಣತನಕ್ಕೆ ನಾನೂ ಖುಷಿಪಡುತ್ತಿದ್ದೆ. ಆ ಟೇಲರ್ ನನ್ನಪ್ಪ ಎಂದು ಮಾತ್ರ ಹೇಳುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಪೇಟೆಯಲ್ಲಿ ರೆಡಿಮೇಡ್ ಅಂಗಡಿಗಳು ಎದ್ದವು. ಎದುರಿನವನು ತಡಮಾಡಲಿಲ್ಲ. ರೆಡಿಮೇಡ್ ಪ್ಯಾಂಟು ಗಿಡ್ಡ ಮಾಡುವುದು, ಸೀರೆಗೆ ಫಾಲ್ ಹಚ್ಚುವುದು ಶುರುಮಾಡಿದ. ಅವನ ಮಷೀನಿಗೆ ಬಿಡುವಿಲ್ಲ. ಅಪ್ಪನ ಮಷೀನು ಎಣ್ಣೆ ಕುಡಿದು ಸುಮ್ಮನೆ ನಿಂತಿರುತ್ತಿತ್ತು.

"ಅಪ್ಪಾ, ನೀನೂ ಅದನ್ನ ಮಾಡು. ಇಲ್ಲಾಂದ್ರ ಅಂಗಡಿ ಉಳಿಯಾಂಗಿಲ್ಲ," ಎಂದೆ.

"ಮತ್ತೊಬ್ರು ಕೆಡಿಸಿದ್ದನ್ನ ನಾ ರಿಪೇರಿ ಮಾಡ್ಲೇನು? ಬಾಗ್ಲಾ ಹಾಕ್ತೇನಿ, ಆ ಕೆಲಸ ಮಾಡಾಂಗಿಲ್ಲ."

ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡು ಬಸ್ಸು ಹತ್ತಿದೆ. ಸಿಟ್ಟೂ ಬಂದಿತ್ತು. ಆಗ ಅವನ ಕಡೆ ಅಂಗಿ ಹೊಲಿಸುತ್ತಿದ್ದವರು ನಾಲ್ಕೈದು ಮುದುಕರು ಮತ್ತು ನಾನು.

ಮುಂದೆ ಒಂದು ಭಾನುವಾರ ಊರಿಗೆ ಹೋದೆ. ಅಪ್ಪ ಅಂಗಡಿಯಲ್ಲಿ ಒಬ್ಬನೇ ಕೂತಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕನ್ನಡಕ ಹಾಕಿಕೊಂಡ. ಆಮೇಲೆ ಹತ್ತಿರ ಬಂದು ಕಾಲರ್ ಎತ್ತಿ, ಒಳಹೊಲಿಗೆಯ ಮೇಲೆ ಬೆರಳಾಡಿಸಿದ. ನಾನು ತೊಟ್ಟದ್ದು ರೆಡಿಮೇಡ್ ಅಂಗಿ ಎಂಬುದು ನನಗೆ ಆಗಲೇ ನೆನಪಾದದ್ದು. ಅವಸರಕ್ಕೆ ಬೇಕಾಗಿತ್ತು, ವಿಜಾಪುರದಲ್ಲಿ ಕೊಂಡಿದ್ದೆ. ಅದರಲ್ಲಿ ದೊಡ್ಡ ವಿಚಾರವೇನೂ ಇರಲಿಲ್ಲ.

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ತೋಳು ಉದ್ದ ಆಗೇತಿ. ಬಿಚ್ಚು ಇಲ್ಲೆ," ಎಂದ.

ಬಿಚ್ಚಿಕೊಟ್ಟು ಬನಿಯನ್ನಿನಲ್ಲೇ ಸ್ಟೂಲಿನ ಮೇಲೆ ಕೂತೆ. ಅಪ್ಪ ತೋಳಿನ ಅಂಚು ಬಿಡಿಸಿ, ಅಳೆದು, ಕತ್ತರಿ ಹಾಕಿ, ಮತ್ತೆ ಮಡಚಿ ಹೊಲಿಯತೊಡಗಿದ. ಎದುರಿನವನು ತನ್ನ ಕೆಲಸ ನಿಲ್ಲಿಸಿ ಇತ್ತಲೇ ನೋಡುತ್ತಿದ್ದ.

ಅಪ್ಪ ತಲೆ ಎತ್ತಲಿಲ್ಲ. "ಇವತ್ತ ಒಂದು ಬೋರ್ಡ್ ಬರದು ಕೊಟ್ಟು ಹೋಗು," ಎಂದ. "ಇಲ್ಲಿ ರೆಡಿಮೇಡ್ ಬಟ್ಟಿ ಸರಿಮಾಡಿ ಕೊಡ್ತಾರ, ಅಂತ. ನಿನ್ನ ಅಕ್ಷರ ಛಲೋ ಅದಾವು."