ನರ್ಸಿಂಗ್ ಹೋಮಿನ ಕೊಡೆ ಕಾಯಿದೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಣ್ಣಗುಡ್ಡದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಮೆನೇಜರನಾಗಿದ್ದೆ. ಆ ಕಾಲದ ಮಂಗಳೂರಿನಲ್ಲಿ ಮಳೆಗಾಲ ಬಂತೆಂದರೆ ಪ್ರತಿಯೊಬ್ಬ ಗಂಡಸೂ ಶಸ್ತ್ರಧಾರಿಯೇ. ಬೆತ್ತದ ಹಿಡಿ, ಕಬ್ಬಿಣದ ಮೊನೆ, ನಡುವೆ ಕಪ್ಪು ಬಟ್ಟೆ. ಮಳೆಯಿಂದ ತಲೆ ಕಾಯುವುದು ಕೊಡೆಯ ಅನೇಕ ಉಪಯೋಗಗಳಲ್ಲಿ ಒಂದು ಮಾತ್ರ.

ಇನ್ನೊಂದು ಉಪಯೋಗವನ್ನು ಒಬ್ಬ ಮಹನೀಯರು ನಮ್ಮ ವಾರ್ಡಿನ ಸಿಸ್ಟರ್ ಮೇಲೆ ಪ್ರಯೋಗಿಸಿ ತೋರಿಸಿದರು. ಭಾವನಿಗೆ ಇಂಜೆಕ್ಷನ್ ಕೊಡುವುದು ತಡವಾಯಿತೆಂಬುದು ಅವರ ದೂರು. ಪೆಟ್ಟು ಸಿಸ್ಟರ್ ಮಣಿಕಟ್ಟಿಗೆ ಬಿತ್ತು. ಕೊಡೆಗೆ ಏನೂ ಆಗಲಿಲ್ಲ.

ಮರುದಿನ ಸಿಸ್ಟರ್ ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಡ್ಯೂಟಿಗೆ ಬಂದರು.

"ಮೆನೇಜರ್ರೆ, ಬೊಂಬಾಯಿಯಲ್ಲಿ ನನಗೆ ಕೆಲಸ ಉಂಟು. ಅಕ್ಕ ಕರೀತಾ ಇದ್ದಾಳೆ. ಇನ್ನೊಂದು ಸಲ ಹೀಗಾದ್ರೆ ನಾನು ಬಸ್ಸು ಹತ್ತುತ್ತೇನೆ, ಆಯ್ತಾ?"

ಅವರು ಹೋದರೆ ವಾರ್ಡು ಮುಚ್ಚಬೇಕು. ಕೂಡಲೇ ಉನ್ನತ ಮಟ್ಟದ ಸಮಾಲೋಚನೆ ನಡೆಯಿತು. ಉನ್ನತ ಮಟ್ಟವೆಂದರೆ ಡಾಕ್ಟರು ಮತ್ತು ನಾನು. 'ಸಿಬ್ಬಂದಿಗೆ ಹೊಡೆಯಬಾರದು' ಎಂಬ ಬೋರ್ಡು ಹಾಕೋಣವೆಂದೆ.

"ಬೇಡ ಮಾರಾಯ, ಆ ಯೋಚನೆ ಇಲ್ಲದವನಿಗೂ ಬಂದೀತು" ಎಂದರು ಡಾಕ್ಟರು.

ಕೊನೆಗೆ ನಿಶ್ಶಸ್ತ್ರೀಕರಣವೇ ಸರಿಯೆಂದು ತೀರ್ಮಾನವಾಯಿತು. ಬಂದವರು ಕೊಡೆಯನ್ನು ಜಗಲಿಯಲ್ಲಿ ಬಿಟ್ಟು ಒಳಬರತಕ್ಕದ್ದು. ನೆಲ ಒದ್ದೆಯಾಗುತ್ತದೆಂಬುದು ಸಾರ್ವಜನಿಕರಿಗೆ ಕೊಟ್ಟ ಕಾರಣ. ಮುರಿದ ಮಂಚವೊಂದರ ಕಬ್ಬಿಣದ ಚೌಕಟ್ಟು ಕೊಡೆ ತೂಗುಹಾಕುವ ಸ್ಟ್ಯಾಂಡಾಯಿತು.

"ಕೊಡೆ ಇಲ್ಲದಿದ್ರೆ ಅವರಿಗೆ ಕೈ ಇಲ್ವಾ?" ಎಂದು ಸಿಸ್ಟರ್ ಕೇಳಿದರು.

ಆಡಳಿತವರ್ಗ ಸ್ಟ್ಯಾಂಡಿನ ತುಕ್ಕು ಉಜ್ಜತೊಡಗಿತು.

ಕಾಯಿದೆಯ ಪರೀಕ್ಷೆ ನಡೆದದ್ದು ಜಡಿಮಳೆಯ ಒಂದು ಸಂಜೆ. ಬಜಪೆ ಕಡೆಯ ಹೋಟೆಲು ಧಣಿಯೊಬ್ಬರ ತಾಯಿ ಜ್ವರದಿಂದ ನಮ್ಮಲ್ಲಿ ಮಲಗಿದ್ದರು. ಅವರನ್ನು ನೋಡಲು ಧಣಿಗಳು ಜೀಪು ತುಂಬ ನೆಂಟರನ್ನು ತುಂಬಿಸಿಕೊಂಡು ಬಂದರು. ಸಿಸ್ಟರ್ ವಾರ್ಡಿನ ಬಾಗಿಲಿಗೆ ಅಡ್ಡ ನಿಂತರು.

"ಇಬ್ಬರು ಮಾತ್ರ."

"ನನ್ನ ಅಮ್ಮನನ್ನು ನೋಡ್ಲಿಕ್ಕೆ ನಿನ್ನ ಪರ್ಮಿಷನ್ ಎಂತಕ್ಕೆ? ನಿಲ್ಲು, ತೋರಿಸ್ತೇನೆ!"

ಗರ್ಜಿಸಿದ ಧಣಿಗಳು ಅಭ್ಯಾಸಬಲದಿಂದ ಬಲಗೈಯನ್ನು ಎಡಗಂಕುಳಿಗೆ ಒಯ್ದರು. ಕೊಡೆ ಇರಲಿಲ್ಲ. ತಿರುಗಿ ಜಗಲಿಗೆ ಧಾವಿಸಿದರು. ನಾನು ಆಫೀಸಿನ ಕಿಟಕಿಯಿಂದ ಪರಿಸ್ಥಿತಿಯ ಮೇಲೆ ನಿಗಾ ಇಟ್ಟಿದ್ದೆ.

ಜಗಲಿಯಲ್ಲಿ ಕೊಡೆಗಳ ಹಿಂಡೇ ಇತ್ತು. ಎಲ್ಲವೂ ಕಪ್ಪು, ಎಲ್ಲವೂ ಒದ್ದೆ. ಧಣಿಗಳು ಸಿಕ್ಕಿದ್ದೊಂದನ್ನು ಎಳೆದರು. ಮಗಳ ಹೆರಿಗೆಗೆಂದು ಬಂದು ಬೆಂಚಿನಲ್ಲಿ ಕುಳಿತಿದ್ದ ಜವಳಿ ಅಂಗಡಿಯ ಬ್ಯಾರಿ ಸಾಹೇಬರು ಎದ್ದು ಅದರ ಇನ್ನೊಂದು ತುದಿ ಹಿಡಿದರು.

"ಧಣಿಗಳೇ, ಇದು ನನ್ನದು. ಅಳಿಯ ದುಬೈಯಿಂದ ತಂದದ್ದು."

"ದುಬೈಯಲ್ಲಿ ಮಳೆ ಉಂಟಾ?" ಎಂದರು ಧಣಿಗಳ ನೆಂಟರೊಬ್ಬರು, ಕುತೂಹಲ ತಡೆಯಲಾರದೆ.

"ಮಳೆ ಇಲ್ಲ, ಕೊಡೆ ಉಂಟು."

"ಬಿಡಿ ಸಾಹೇಬ್ರೆ, ಈಗ ವಾಪಸ್ ಕೊಡ್ತೇನೆ!" ಧಣಿಗಳು ಜಗ್ಗಿದರು.

"ಹೊಡೀಲಿಕ್ಕೆ ನನ್ನದು ಯಾಕೆ ಮಾರಾಯ್ರೆ? ಕಡ್ಡಿ ಮುರಿದ್ರೆ ನಾನು ಮನೆಗೆ ಹೋಗುವುದು ಹೇಗೆ? ನಿಮ್ಮದನ್ನು ಹುಡುಕಿ. ಬನ್ನಿ, ನಾನೂ ಹುಡುಕ್ತೇನೆ."

ನ್ಯಾಯವಾದ ಮಾತು. ಜೀಪಿನಲ್ಲಿ ಬಂದವರೆಲ್ಲ ಹುಡುಕಾಟಕ್ಕೆ ಇಳಿದರು. ಅಷ್ಟರಲ್ಲಿ ಸಿಸ್ಟರ್ ಹೊರಗೆ ಬಂದು, ಸ್ಟ್ಯಾಂಡಿನ ಮೂಲೆಯಿಂದ ಒಂದು ಕೊಡೆ ತೆಗೆದು, ಬ್ಯಾಂಡೇಜಿನ ಕೈಯಲ್ಲೇ ಧಣಿಗಳಿಗೆ ಚಾಚಿದರು. ನಾನು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ಹಿಡಿಗೆ ಕೆಂಪು ನೂಲು ಕಟ್ಟಿದ್ದು ನಿಮ್ಮದಲ್ವಾ? ಮಗ ಕೊಡೆ ಮರೆತು ಹೋಗ್ತಾನೆ, ನೋಡಿ ಕೊಡಿ ಅಂತ ನಿಮ್ಮ ಅಮ್ಮ ಹೇಳಿದ್ರು. ಜ್ವರ ಇಳಿದಿದೆ. ಮಧ್ಯಾಹ್ನ ಗಂಜಿಯೂ ಕುಡಿದ್ರು."

ಧಣಿಗಳು ಕೊಡೆಯನ್ನು ನೋಡಿದರು, ಬ್ಯಾಂಡೇಜನ್ನು ನೋಡಿದರು.

"ಜ್ವರ ಇಳಿದದ್ದು ಮೊದಲೇ ಹೇಳಬಾರದಿತ್ತಾ ಸಿಸ್ಟರೇ?"

"ಹೇಳ್ಲಿಕ್ಕೆ ಬಿಟ್ರಾ ನೀವು?"

ಧಣಿಗಳು ಕೊಡೆಯನ್ನು ಮೆಲ್ಲನೆ ಸ್ಟ್ಯಾಂಡಿಗೆ ತೂಗುಹಾಕಿ, ಒಬ್ಬ ತಮ್ಮನನ್ನು ಮಾತ್ರ ಕರೆದುಕೊಂಡು ಒಳಗೆ ಹೋದರು. ಉಳಿದವರು ಸಾಹೇಬರಿಂದ ದುಬೈಯ ಸಮಾಚಾರ ಕೇಳುತ್ತ ಬೆಂಚಿನಲ್ಲಿ ಕುಳಿತರು.

ಆಗ ನಾನು ಧೈರ್ಯದಿಂದ ಹೊರಬಂದು ಕೇಳಿದೆ. "ಸಿಸ್ಟರ್, ಬೊಂಬಾಯಿ ಬಸ್ಸು...?"

"ಹತ್ತಬೇಕೋ ಬೇಡವೋ ನೀವೇ ಹೇಳಿ. ಬಾಗಿಲಲ್ಲಿ ನಾನೊಬ್ಬಳೇ ಇನ್ನು ನಿಲ್ಲುವುದಿಲ್ಲ. ಜನ ಕೊಡೆ ಇಡುವಾಗ್ಲೇ ಅವರ ರೋಗಿಯ ಸಮಾಚಾರ ಹೇಳುವವರು ಒಬ್ಬರು ಜಗಲಿಯಲ್ಲಿ ಬೇಕು."

"ಯಾರನ್ನು ಹಾಕೋಣ?"

"ನಿಮಗೆ ಸಂಜೆ ಹೊತ್ತು ಎಂತ ಕೆಲಸ ಉಂಟು?"

ಮರುದಿನದಿಂದ ನನ್ನ ಕುರ್ಚಿ ಕೊಡೆ ಸ್ಟ್ಯಾಂಡಿನ ಪಕ್ಕಕ್ಕೆ ಬಂತು, ಸಿಸ್ಟರ್ ನಮ್ಮಲ್ಲೇ ಉಳಿದರು. ಬೇಸಿಗೆ ಬಂದು ಕೊಡೆಗಳೆಲ್ಲ ಮಾಯವಾದಾಗ, ಇನ್ನು ಕುರ್ಚಿಯನ್ನು ಒಳಗೆ ಒಯ್ಯಬಹುದಲ್ಲವೇ ಎಂದು ವಿನಯಪೂರ್ವಕ ವಿಚಾರಿಸಿದೆ.

"ಚಪ್ಪಲಿ ಉಂಟಲ್ಲ ಮೆನೇಜರ್ರೆ" ಎಂದರು ಸಿಸ್ಟರ್.